ಗಾಯಗೊಂಡ ಕಾಯವೂ ಕಾಯೋತ್ಸರ್ಗವೂ

ಷಡಾವಶ್ಯಕಗಳಲ್ಲಿ ಕಾಯೋತ್ಸರ್ಗಕ್ಕೆ ವಿಶಿಷ್ಟವಾದ ಸ್ಥಾನವಿದೆ. ದೇಹದ ಮೇಲಿನ ಮಮತೆಯನ್ನು ನಿಯತ ಕಾಲದವರೆಗೆ ತ್ಯಜಿಸಿ, ಕೈಗಳನ್ನು ಇಳಿಬಿಟ್ಟು, ನಿಶ್ಚಲವಾಗಿ ನಿಂತು ಜಿನಗುಣಗಳನ್ನು ಚಿಂತಿಸುವುದೇ ಕಾಯೋತ್ಸರ್ಗವೆಂಬುದು ನಮ್ಮ ಮನೆಗಳ ಮಕ್ಕಳಿಗೂ ತಿಳಿದ ವಿಷಯ. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಮುಂದೆ ಒಮ್ಮೆಯಾದರೂ ನಿಂತವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದೇಹವೇ ಒಬ್ಬರ ಪಾಲಿಗೆ ಭಯದ ನೆಲೆಯಾಗಿಬಿಟ್ಟಾಗ, ಅವರಿಗೆ ದೇಹವನ್ನು ಮರೆಯಲು ಉಪದೇಶಿಸುವುದು ಧರ್ಮವೋ, ಆ ದೇಹವನ್ನು ಸಂತೈಸುವ ಚಿಕಿತ್ಸೆಯತ್ತ ಅವರನ್ನು ಕರೆದೊಯ್ಯುವುದು ಧರ್ಮವೋ? ಈ ಪ್ರಶ್ನೆ ನನಗೆ ಗ್ರಂಥಾಧ್ಯಯನದಿಂದ ಬಂದದ್ದಲ್ಲ. ನಾನೇ ಮಾಡಿದ ಒಂದು ತಪ್ಪಿನಿಂದ ಬಂದದ್ದು. ಆದುದರಿಂದ ಮೊದಲು ಆ ತಪ್ಪನ್ನು ವಾಚಕರ ಮುಂದಿಡುವುದು ನನ್ನ ಕರ್ತವ್ಯ.

ಯಲಹಂಕ ಉಪನಗರದ ಒಂದು ಮನೆಯಲ್ಲಿ ಭಾನುವಾರಗಳಂದು ನಾವು ಕೆಲವರು ಸ್ವಾಧ್ಯಾಯಕ್ಕೆ ಸೇರುವ ರೂಢಿಯಿದೆ. ಗ್ರಂಥಪಠಣ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು, ಕಣ್ಣು ಮುಚ್ಚಿ, ಒಂಬತ್ತು ಸಲ ಣಮೋಕಾರ ಮಂತ್ರವನ್ನು ಮನಸ್ಸಿನಲ್ಲೇ ಜಪಿಸುತ್ತೇವೆ. ನಮ್ಮೊಡನೆ ಬರುತ್ತಿದ್ದ ಸಹೋದರಿಯೊಬ್ಬರು ಆ ಹೊತ್ತಿಗೆ ಸರಿಯಾಗಿ ಹೊರಗೆ ಹೋಗಿಬಿಡುತ್ತಿದ್ದರು. ಅವರ ಗುರುತು ತಿಳಿಯಬಾರದೆಂದು ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ. 2021ರ ಕೋವಿಡ್ ಅಲೆಯಲ್ಲಿ ಅವರ ಪತಿ ತೀರಿಕೊಂಡಿದ್ದರು. ಶವವಿದ್ದ ವಾಹನದೊಳಗೆ, ಚಿತಾಗಾರದ ಮುಂದಿನ ಸಾಲಿನಲ್ಲಿ, ಅವರು ಇಡೀ ಹಗಲು ಕುಳಿತಿದ್ದರು. ಒಂದು ಭಾನುವಾರ ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟು: "ಅಣ್ಣಾ, ಕಣ್ಣು ಮುಚ್ಚಿದರೆ ಉಸಿರು ಕಟ್ಟುತ್ತದೆ. ಕಾಲು ನನ್ನದಲ್ಲ ಅನ್ನಿಸುತ್ತದೆ. ಮತ್ತೆ ಆ ಗಾಡಿಯೊಳಗೇ ಕೂತ ಹಾಗಾಗುತ್ತದೆ."

ನಾನು ಬಲು ತಿಳಿದವನಂತೆ ಉತ್ತರಿಸಿದೆ: "ಶರೀರ ನಮ್ಮದಲ್ಲ ತಂಗಿ. ಎಲ್ಲವೂ ಕರ್ಮೋದಯ. ಅದನ್ನು ಬಿಟ್ಟುಬಿಡಮ್ಮ." ಅವರು ತಲೆಯಾಡಿಸಿ ಹೋದರು. ಮುಂದಿನ ಭಾನುವಾರ ಬರಲಿಲ್ಲ. ಅನಂತರ ಎಷ್ಟೋ ತಿಂಗಳು ಬರಲಿಲ್ಲ.

ಅವರು ಮರಳಿ ಬಂದಾಗ ಒಬ್ಬ ಚಿಕಿತ್ಸಕರ ಬಳಿಗೆ ಹೋಗುತ್ತಿರುವುದನ್ನು ತಿಳಿಸಿದರು. ಆ ಚಿಕಿತ್ಸಕರು ನಡೆದುದನ್ನೆಲ್ಲ ಹೇಳಿರೆಂದು ಒತ್ತಾಯಿಸಲಿಲ್ಲವಂತೆ. ಪಾದಗಳು ನೆಲವನ್ನು ಮುಟ್ಟಿರುವುದನ್ನು ಗಮನಿಸುವುದು, ಕೋಣೆಯ ಬಾಗಿಲು ಕಿಟಕಿಗಳನ್ನು ಕಣ್ತೆರೆದು ನೋಡುವುದು, ಉಸಿರನ್ನು ನಿಧಾನವಾಗಿ ಹೊರಬಿಡುವುದು, ಹೀಗೆ ದೇಹದಿಂದಲೇ ಆರಂಭಿಸಿದರಂತೆ. ನನ್ನ ಹಿಂದಿನ ಮಾತನ್ನು ನೆನೆದು ಅವರು ಸಿಟ್ಟಿಲ್ಲದೆ ಹೇಳಿದರು: "ಬಿಟ್ಟುಬಿಡು ಅಂದಿರಿ ಅಣ್ಣಾ. ನನ್ನ ಹತ್ತಿರ ಇದ್ದರೆ ತಾನೆ ಬಿಡುವುದು?"

ಈ ಒಂದು ಮಾತು ನನ್ನ ಹಲವು ವರ್ಷಗಳ ಓದನ್ನು ಪರೀಕ್ಷೆಗೆ ಒಡ್ಡಿತು.

ಆಘಾತವೆಂದರೇನು?

ವೈದ್ಯರು ಟ್ರಾಮಾ ಎಂದು ಕರೆಯುವ ಪದ ಗ್ರೀಕ್ ಭಾಷೆಯದು. ಅದರ ಅರ್ಥವೇ ಗಾಯ. ಪ್ರಾಣಾಪಾಯ ಎದುರಾದಾಗ ದೇಹವು ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಓಡುವುದಕ್ಕೋ ಎದುರಿಸುವುದಕ್ಕೋ ಸರ್ವಾಂಗವೂ ಸಜ್ಜಾಗುತ್ತದೆ. ಓಡಲೂ ಎದುರಿಸಲೂ ಅವಕಾಶವಿಲ್ಲದಾಗ ದೇಹ ಮರಗಟ್ಟುತ್ತದೆ. ಅಪಾಯ ಕಳೆದ ಮೇಲೆ ಬಹುಮಂದಿಯಲ್ಲಿ ಈ ಬಿಗಿ ತಾನಾಗಿ ಇಳಿಯುತ್ತದೆ. ಕೆಲವರಲ್ಲಿ ಇಳಿಯುವುದಿಲ್ಲ. ಘಟನೆ ಮುಗಿದುಹೋಗಿದೆಯೆಂದು ಬುದ್ಧಿಗೆ ತಿಳಿದಿದ್ದರೂ ದೇಹವು ಅದು ಈಗಲೂ ನಡೆಯುತ್ತಿದೆಯೆಂಬಂತೆ ವರ್ತಿಸುತ್ತದೆ. ಒಂದು ಸದ್ದು, ಒಂದು ವಾಸನೆ, ಒಂದು ಭಂಗಿ ಸಾಕು. ಇದು ಮನೋದೌರ್ಬಲ್ಯವಲ್ಲ. ಬೇಕೆಂದು ತಂದುಕೊಂಡದ್ದೂ ಅಲ್ಲ.

ಬೆಂಗಳೂರಿನ ಉತ್ತರ ಭಾಗದಲ್ಲಿ ವಾಸಿಸುವ ನಮಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 2019ರ ಫೆಬ್ರವರಿ 19ರಂದು ಯಲಹಂಕದ ವಾಯುನೆಲೆಯ ಬಳಿ ವೈಮಾನಿಕ ಪ್ರದರ್ಶನದ ಅಭ್ಯಾಸದ ವೇಳೆ ಸೂರ್ಯಕಿರಣ ತಂಡದ ಎರಡು ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾಗಿ, ಒಬ್ಬ ಪೈಲಟ್ ಮೃತರಾದರು. ಆ ದೃಶ್ಯವನ್ನು ಕಂಡವರಿಗೆ ಮುಂದಿನ ಪ್ರದರ್ಶನಗಳ ಗರ್ಜನೆ ಬರಿಯ ಸದ್ದಾಗಿ ಕೇಳಿಸದಿದ್ದರೆ ಆಶ್ಚರ್ಯವಿಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಮೇಡಿ ಅಗ್ರಹಾರದ ಮತ್ತು ಹೆಬ್ಬಾಳದ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದನ್ನು ನಾಡೆಲ್ಲ ಕಂಡಿದೆ. 2024ರ ಅಕ್ಟೋಬರ್ ಮಳೆಯಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸೈರನ್ ಕೇಳಿದೊಡನೆ, ರಾತ್ರಿ ಮಳೆ ಜೋರಾದೊಡನೆ ಎಷ್ಟು ಮನೆಗಳಲ್ಲಿ ಯಾರ ಕೈಗಳು ತಣ್ಣಗಾಗುತ್ತವೆಯೋ ಬಲ್ಲವರಾರು? ಇವರೆಲ್ಲರೂ ರೋಗಿಗಳೆಂದಲ್ಲ. ಆದರೆ ಇಂತಹವರು ನಮ್ಮ ನಡುವೆಯೇ ಇದ್ದಾರೆ, ನಮ್ಮ ಬಸದಿಗಳಿಗೂ ಬರುತ್ತಾರೆ.

ವಿಜ್ಞಾನ ಹೇಳುವುದೇನು?

ಈ ತಿಳಿವಳಿಕೆ ನಿಧಾನವಾಗಿ ಬೆಳೆದುಬಂದದ್ದು. ಮೊದಲ ಮಹಾಯುದ್ಧದಲ್ಲಿ ಮೈಮೇಲೆ ಗಾಯವೇ ಇಲ್ಲದ ಸೈನಿಕರು ನಡುಗುವುದನ್ನೂ, ಮಾತು ಕಳೆದುಕೊಳ್ಳುವುದನ್ನೂ ಕಂಡು ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 1915ರಲ್ಲಿ ಆ ಸ್ಥಿತಿಯ ಕುರಿತು ಬರೆದರು. ಅಂದು ಅನೇಕರು ಅದನ್ನು ಹೇಡಿತನವೆಂದು ಹಳಿದರು. ಅಮೆರಿಕದ ಮನೋವೈದ್ಯರ ಸಂಘವು ಆಘಾತಾನಂತರದ ಈ ಬೇನೆಯನ್ನು ತನ್ನ ರೋಗಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಮರುವರ್ಷವೇ, 1981ರ ಫೆಬ್ರವರಿ 7ರಂದು, ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಮಕ್ಕಳು, ಮೃತರಾದರು. ಅವರ ಬಂಧುಗಳ ಶೋಕವನ್ನು ನಿಮ್ಹಾನ್ಸ್‌ನ ತಜ್ಞರು ಅಧ್ಯಯನ ಮಾಡಿದರು. ದುರಂತದಲ್ಲಿ ಮನೆ ಮಠಗಳಂತೆ ಮನಸ್ಸುಗಳಿಗೂ ಪುನರ್ವಸತಿ ಬೇಕೆಂಬ ಅರಿವು ನಮ್ಮ ನಗರದಲ್ಲಿ ಆ ಕಾಲದಿಂದಲೂ ಇದೆ.

ಪೀಟರ್ ಲೆವಿನ್, ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮೊದಲಾದವರು ಈಚಿನ ದಶಕಗಳಲ್ಲಿ ದೇಹದ ಕಡೆಗೆ ಗಮನ ಸೆಳೆದರು. ಮಾತಿನ ಮೂಲಕ ಮಾತ್ರ ಗುಣಪಡಿಸಲು ಹೊರಟರೆ, ಮಾತಿಗೆ ಸಿಗದ ದೇಹದ ಬಿಗಿ ಹಾಗೆಯೇ ಉಳಿಯಬಹುದೆಂಬುದು ಅವರ ವಾದ. ದೇಹಾಧಾರಿತ ಚಿಕಿತ್ಸೆಯಲ್ಲಿ ಮೊದಲು ಈ ಕ್ಷಣದ ಸುರಕ್ಷತೆಯನ್ನು ಇಂದ್ರಿಯಗಳಿಗೆ ಮನಗಾಣಿಸುತ್ತಾರೆ. ಬಳಿಕ ನೋವಿನ ಅನುಭವವನ್ನು ಚಮಚದಷ್ಟೇ ಮುಟ್ಟಿ, ಕೂಡಲೇ ದೇಹದಲ್ಲಿ ನೆಮ್ಮದಿಯಿರುವ ಜಾಗಕ್ಕೆ, ಅಂಗೈಗೋ ಅಂಗಾಲಿಗೋ, ಗಮನವನ್ನು ಮರಳಿಸುತ್ತಾರೆ. ಹೀಗೆ ಹೋಗಿ ಬರುವ ಅಭ್ಯಾಸದಿಂದ ಭಯವನ್ನು ತಡೆದುಕೊಳ್ಳುವ ಶಕ್ತಿ ಕೊಂಚಕೊಂಚವಾಗಿ ಬೆಳೆಯುತ್ತದೆ. ಕಣ್ಣು ಮುಚ್ಚಬೇಕೆಂಬ ನಿರ್ಬಂಧವಿಲ್ಲ. ಅನುಮತಿಯಿಲ್ಲದೆ ಮೈ ಮುಟ್ಟುವಂತಿಲ್ಲ. ಸಾಕೆನಿಸಿದಾಗ ನಿಲ್ಲಿಸುವ ಅಧಿಕಾರ ನೊಂದವರದೇ.

ಇದಕ್ಕೆ ಪ್ರಮಾಣವೇನೆಂದು ಕೇಳುವುದು ನ್ಯಾಯ. 2014ರಲ್ಲಿ ಪ್ರಕಟವಾದ ವ್ಯಾನ್ ಡರ್ ಕೋಲ್ಕ್ ಅವರ ಅಧ್ಯಯನದಲ್ಲಿ, ಬೇರೆ ಚಿಕಿತ್ಸೆಗಳಿಂದ ಗುಣ ಕಾಣದ 64 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ 10 ವಾರಗಳ ಕಾಲ ಆಘಾತಕ್ಕೆ ತಕ್ಕಂತೆ ರೂಪಿಸಿದ ಯೋಗವನ್ನೂ ಇನ್ನೊಂದಕ್ಕೆ ಆರೋಗ್ಯಶಿಕ್ಷಣವನ್ನೂ ಕೊಡಲಾಯಿತು. ಕೊನೆಯಲ್ಲಿ ಪರೀಕ್ಷಿಸಿದಾಗ, ಯೋಗದ ಗುಂಪಿನ 31 ಮಂದಿಯಲ್ಲಿ 16 ಮಂದಿ, ಇನ್ನೊಂದು ಗುಂಪಿನ 29 ಮಂದಿಯಲ್ಲಿ 6 ಮಂದಿ ರೋಗದ ಲಕ್ಷಣಮಿತಿಯಿಂದ ಹೊರಬಂದಿದ್ದರು. ನಮ್ಮವರ ಕೆಲಸವೂ ಇದೆ. 2004ರ ಡಿಸೆಂಬರಿನ ಸುನಾಮಿಯ ಒಂದು ತಿಂಗಳ ಬಳಿಕ ಬೆಂಗಳೂರಿನ ವಿವೇಕಾನಂದ ಯೋಗ ಸಂಶೋಧನಾ ಪ್ರತಿಷ್ಠಾನದ ಸಂಶೋಧಕರು ಅಂಡಮಾನ್ ದ್ವೀಪಗಳಲ್ಲಿ ಬದುಕುಳಿದ 47 ಮಂದಿಗೆ ಒಂದು ವಾರ ಯೋಗಾಭ್ಯಾಸ ಮಾಡಿಸಿದಾಗ, ಭಯ, ಆತಂಕ, ದುಃಖ, ನಿದ್ರಾಭಂಗ ಇವು ಕಡಿಮೆಯಾದುವೆಂದು ಅವರು ಹೇಳಿಕೊಂಡರು. ಉಸಿರಾಟದ ವೇಗವೂ ಇಳಿದಿತ್ತು.

ಆದರೆ ಇವು ಚಿಕ್ಕ ಅಧ್ಯಯನಗಳು. ಅಂಡಮಾನಿನ ಅಧ್ಯಯನದಲ್ಲಿ ಹೋಲಿಕೆಗೆ ಯೋಗ ಮಾಡದವರ ಗುಂಪೊಂದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಈ ಬೇನೆಗೆ ಸೂಚಿಸಿದ್ದು ಆಘಾತಕೇಂದ್ರಿತವಾದ ಮನಶ್ಚಿಕಿತ್ಸೆಯನ್ನೂ, ಕಣ್ಣಿನ ಚಲನೆಯ ನೆರವಿನಿಂದ ನಡೆಸುವ ಇ.ಎಂ.ಡಿ.ಆರ್. ಎಂಬ ಪದ್ಧತಿಯನ್ನೂ. ದೇಹಾಧಾರಿತ ಚಿಕಿತ್ಸೆ ಒಳ್ಳೆಯ ಸಹಾಯಕ, ಸರ್ವರೋಗಹರವಲ್ಲ. ಕೆಲವೇ ದಿನಗಳ ಶಿಬಿರ ಮುಗಿಸಿ ಚಿಕಿತ್ಸಕರೆನಿಸಿಕೊಳ್ಳುವವರಿಂದ ಹಾನಿಯೂ ಆಗಬಹುದು. ಉತ್ಪ್ರೇಕ್ಷೆಯೂ ಅಸತ್ಯದ ಒಂದು ರೂಪವೆಂದು ಬಲ್ಲ ಶ್ರಾವಕನು ಇಷ್ಟನ್ನು ಹೇಳದೆ ಮುಂದೆ ಹೋಗಬಾರದು.

ಮೂರು ಆಕ್ಷೇಪಗಳು

ಈಗ ಧರ್ಮದ ಪ್ರಶ್ನೆಗೆ ಬರೋಣ. ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನವೇ ನಮ್ಮ ಧರ್ಮದ ಜೀವಾಳವಾಗಿರುವಾಗ ದೇಹವನ್ನು ಇಷ್ಟು ಲಾಲಿಸುವುದು ಮೋಹವಲ್ಲವೇ ಎಂಬುದು ಮೊದಲನೆಯ ಆಕ್ಷೇಪ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ತ್ಯಾಗಕ್ಕೂ ನಷ್ಟಕ್ಕೂ ಅಂತರವಿದೆ. ತನ್ನ ಸಂಪತ್ತನ್ನು ದಾನ ಮಾಡಿ ಹೊರಟವನೂ, ಕಳ್ಳರು ಮನೆ ದೋಚಿದ್ದರಿಂದ ಬರಿಗೈಯಾದವನೂ ಹೊರನೋಟಕ್ಕೆ ಒಂದೇ ಬಗೆ. ಮೊದಲನೆಯವನನ್ನು ತ್ಯಾಗಿಯೆನ್ನುತ್ತೇವೆ, ಎರಡನೆಯವನಿಗೆ ನೆರವಾಗುತ್ತೇವೆ. ಆಘಾತಕ್ಕೊಳಗಾದವರು 'ಈ ದೇಹ ನನ್ನದಲ್ಲ' ಎಂದಾಗ ಅದು ವೈರಾಗ್ಯದ ಮಾತಲ್ಲ. ಅವರನ್ನು ಅವರ ಮನೆಯಿಂದಲೇ ಹೊರಗಟ್ಟಲಾಗಿದೆ. ಆ ಮರಗಟ್ಟಿದ ಸ್ಥಿತಿಯನ್ನು ಸಮಭಾವವೆಂದು ಭ್ರಮಿಸಿದರೆ ಭೇದವಿಜ್ಞಾನಕ್ಕೇ ಅಪಚಾರ. ಸಮಭಾವದಲ್ಲಿ ಅರಿವು ಹೆಚ್ಚುತ್ತದೆ, ಮರಗಟ್ಟುವಿಕೆಯಲ್ಲಿ ಅರಿವು ಮುಚ್ಚಿಹೋಗುತ್ತದೆ. ಕಾಯೋತ್ಸರ್ಗಕ್ಕೆ ನಿಲ್ಲುವವನಿಗೆ ಮೊದಲು ಕಾಯದ ಸ್ವಾಧೀನ ಬೇಕು. ಅವನು ಕಾಯಗುಪ್ತಿಯನ್ನು ಪಾಲಿಸುವುದೂ ಆ ಸ್ವಾಧೀನದಿಂದಲೇ. 1970ರ ದಶಕದಲ್ಲಿ ಮಹಾಪ್ರಜ್ಞರು ರೂಪಿಸಿದ ಪ್ರೇಕ್ಷಾಧ್ಯಾನದಲ್ಲಿ ಕೂಡ ಕಾಯೋತ್ಸರ್ಗವೆಂದರೆ ಅಂಗಾಂಗಗಳನ್ನು ಎಚ್ಚರದಿಂದ ಅರಿಯುತ್ತ ಸಡಿಲಿಸುವುದು. ಅಲ್ಲಿ ದೇಹವನ್ನು ಮರೆಯುವ ಮಾತಿಲ್ಲ, ಅರಿತು ಬಿಡುವ ಮಾತಿದೆ.

ಎಲ್ಲವೂ ಕರ್ಮಫಲವಾಗಿರುವಾಗ ಚಿಕಿತ್ಸೆಯಿಂದೇನು ಎಂಬುದು ಎರಡನೆಯದು. ಅಸಾತಾವೇದನೀಯದ ಉದಯದಿಂದ ದುಃಖವುಂಟಾಗುವುದೆಂಬ ಸಿದ್ಧಾಂತವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಜ್ವರ ಬಂದಾಗ ನಾವು ಔಷಧಿಗೆ ಹೋಗುತ್ತೇವೆ, ಕಾಲು ಮುರಿದರೆ ಕಟ್ಟು ಹಾಕಿಸುತ್ತೇವೆ. ಅಲ್ಲಿ ಒಪ್ಪಿದ ನಿಮಿತ್ತವನ್ನು ಇಲ್ಲಿ ಮಾತ್ರ ನಿರಾಕರಿಸುವುದು ಯಾವ ನ್ಯಾಯ? ಇನ್ನೂ ಗಂಭೀರವಾದ ಮಾತೊಂದಿದೆ. ತನ್ನಲ್ಲಾಗಲಿ ಪರರಲ್ಲಾಗಲಿ ದುಃಖವನ್ನೂ ಶೋಕವನ್ನೂ ಉಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರಕಾರರು ತಿಳಿಸಿದ್ದಾರೆ. ನೊಂದ ಹೆಂಗಸಿನ ಮುಂದೆ ನಿಂತು ಅದು ನಿನ್ನ ಕರ್ಮವೆಂದವನು ಅವಳ ಕರ್ಮವನ್ನು ಕಂಡವನೇನೂ ಅಲ್ಲ. ತನ್ನ ಮಾತಿನಿಂದ ತಾನು ಕಟ್ಟಿಕೊಳ್ಳುತ್ತಿರುವುದನ್ನೂ ಅವನು ಕಾಣಲಿಲ್ಲ. ಕರ್ಮಸಿದ್ಧಾಂತ ನನ್ನ ನಡತೆಯನ್ನು ತಿದ್ದಿಕೊಳ್ಳಲು ಇರುವ ಕನ್ನಡಿ. ಇನ್ನೊಬ್ಬರ ಗಾಯದ ಮೇಲೆ ಬರೆಯುವ ತೀರ್ಪಲ್ಲ.

ಮೂರನೆಯದು ಆಕ್ಷೇಪಕ್ಕಿಂತ ಉತ್ಸಾಹದಿಂದ ಬರುವ ಮಾತು. ದೇಹ ನೋವನ್ನು ನೆನಪಿಡುತ್ತದೆಂದು ಇಂದಿನ ವಿಜ್ಞಾನ ಹೇಳುವುದನ್ನು ನಮ್ಮ ಆಚಾರ್ಯರು ಕಾರ್ಮಣ ಶರೀರದ ಹೆಸರಿನಲ್ಲಿ ಎಂದೋ ಹೇಳಿಬಿಟ್ಟಿದ್ದಾರೆ ಎನ್ನುವವರಿದ್ದಾರೆ. ಈ ಸಮೀಕರಣ ಸಲ್ಲದು. ಕಾರ್ಮಣ ಶರೀರ ಅತಿಸೂಕ್ಷ್ಮವಾದುದು, ಜನ್ಮಾಂತರಗಳಲ್ಲಿ ಜೀವದೊಡನೆ ಸಾಗುವಂಥದು. ವೈದ್ಯರು ಹೇಳುತ್ತಿರುವುದು ನರ, ಸ್ನಾಯು, ಉಸಿರುಗಳಿಂದಾದ ಔದಾರಿಕ ಶರೀರದ ವಿಷಯ. ಎರಡನ್ನೂ ಬೆರೆಸಿದರೆ ಶಾಸ್ತ್ರಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ಗೌರವವಿಲ್ಲ.

ಬಾಹುಬಲಿಯ ಶಲ್ಯ

ಹಾಗಾದರೆ ನಮ್ಮ ಪರಂಪರೆಯಲ್ಲಿ ಇದಕ್ಕೆ ಸಮೀಪವಾದ ವಿಚಾರವೇ ಇಲ್ಲವೇ? ಇದೆ. ಶಲ್ಯವೆಂಬ ಶಬ್ದವನ್ನು ನೋಡಿರಿ. ಶಲ್ಯವೆಂದರೆ ಮೈಯೊಳಗೆ ನಟ್ಟು ಉಳಿದ ಮುಳ್ಳು, ಬಾಣದ ಮೊನೆ. ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳನ್ನು ಕಳೆದುಕೊಂಡವನೇ ವ್ರತಿಯೆಂಬುದು ಶಾಸ್ತ್ರಮತ. ಅವು ದೋಷಗಳು, ಆಘಾತ ದೋಷವಲ್ಲ. ಆದರೂ ಒಳಗೆ ಮುಳ್ಳಿರುವವನಿಗೆ ಸುಮ್ಮನೆ ನಿಲ್ಲೆಂದರೆ ಸಾಲದು, ಮುಳ್ಳನ್ನು ತೆಗೆಯಬೇಕೆಂಬ ತಿಳಿವು ಈ ಶಬ್ದದಲ್ಲೇ ಅಡಗಿದೆ.

ಬಾಹುಬಲಿಯ ಕಥೆಯನ್ನೇ ನೆನೆಯೋಣ. ಅಣ್ಣನೊಡನೆ ಹೋರಾಡಿ, ಗೆದ್ದು, ಗೆಲುವಿನ ಕ್ಷಣದಲ್ಲೇ ರಾಜ್ಯವನ್ನು ತೊರೆದು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತವನು ಅವನು. ಬಳ್ಳಿಗಳು ತೊಡೆಗೆ ಹಬ್ಬಿದವು, ಹುತ್ತಗಳೆದ್ದವು. ಹೊರಗಿನ ಕಾಯೋತ್ಸರ್ಗದಲ್ಲಿ ಕೊರತೆಯೇ ಇರಲಿಲ್ಲ. ಆದರೂ ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಕೊರಗಿನ ಎಳೆಯೊಂದು ಒಳಗೆ ಉಳಿದಿತ್ತೆಂದು ಪುರಾಣ ತಿಳಿಸುತ್ತದೆ. ಭರತ ಚಕ್ರವರ್ತಿ ತಾನೇ ಬಂದು ಪೂಜಿಸಿದಾಗ ಆ ಎಳೆ ಕಡಿದು ಕೇವಲಜ್ಞಾನ ಉದಿಸಿತು. ಅಂತಹ ಧೀರನ ಅಂತರಂಗದ ಮುಳ್ಳು ಕಳಚುವುದಕ್ಕೂ ಇನ್ನೊಬ್ಬನು ನಡೆದುಬಂದು ಎದುರು ನಿಲ್ಲುವುದು ನಿಮಿತ್ತವಾಯಿತು. ಹಾಗಿರುವಾಗ ಸಾಮಾನ್ಯ ಶ್ರಾವಕಿಯೊಬ್ಬಳು ತನ್ನ ಗಾಯವನ್ನು ಏಕಾಂಗಿಯಾಗಿ ಗೆಲ್ಲಬೇಕೆಂದು ನಾವು ಬಯಸುವುದೇಕೆ? ವಿಂಧ್ಯಗಿರಿಯ ಮೂರ್ತಿಯ ಕಣ್ಣುಗಳು ತೆರೆದಿವೆಯೆಂಬುದನ್ನೂ ಗಮನಿಸಬೇಕು. ಕಣ್ಣು ಮುಚ್ಚಿದರೆ ಮಾತ್ರ ಕಾಯೋತ್ಸರ್ಗವೆಂಬ ನಮ್ಮ ಹಟಕ್ಕೆ ಆ ಮೂರ್ತಿಯೇ ಉತ್ತರ.

ಶ್ರಾವಕರ ಮತ್ತು ಟ್ರಸ್ಟುಗಳ ಕರ್ತವ್ಯ

ನಮ್ಮ ಸಮಾಜ ನಡೆಸುವ ಗೋಶಾಲೆ, ಪಿಂಜರಾಪೋಲುಗಳಲ್ಲಿ ದುಡಿಯುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿದೆ. ಲಾರಿಯಿಂದ ಬಿಡಿಸಿ ತಂದ ಹಸು ನಡುಗುತ್ತಿರುವಾಗ ಅದರ ಹಿಂದಿನಿಂದ ಯಾರೂ ಹೋಗುವುದಿಲ್ಲ. ಹಗ್ಗ ಸಡಿಲಿಸಿ, ನೀರಿಟ್ಟು, ದೂರ ನಿಂತು, ಅದು ತಾನಾಗಿ ಮೂಸಿ ನೋಡುವವರೆಗೆ ಕಾಯುತ್ತಾರೆ. ಮೂಕಪ್ರಾಣಿಗೆ ತೋರುವ ಈ ವಿವೇಕವನ್ನು ನಮ್ಮ ಪಕ್ಕದಲ್ಲಿ ಕುಳಿತ ಮನುಷ್ಯರಿಗೆ ತೋರಲು ನಾವು ಮರೆಯುತ್ತೇವೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ನೊಂದವರ ಕಥೆಯನ್ನು ಬೀದಿಗೆ ತಾರದಿರುವುದು ಉಪಗೂಹನ. ಅಲುಗಿದವರನ್ನು ಮತ್ತೆ ನೆಲೆಗೊಳಿಸುವುದು ಸ್ಥಿತಿಕರಣ. ಕರು ಕಂಡ ಹಸುವಿನಂತೆ ನಿಷ್ಕಪಟವಾಗಿ ಒಲಿಯುವುದು ವಾತ್ಸಲ್ಯ.

ಆಚರಣೆಯಲ್ಲಿ ಇದು ಕಷ್ಟವಲ್ಲ. ಸಾಮೂಹಿಕ ಧ್ಯಾನದಲ್ಲಿ ಕಣ್ಣು ತೆರೆದಿರಲು, ಕುಳಿತಿರಲು, ಬಾಗಿಲ ಬಳಿ ನಿಲ್ಲಲು, ಎದ್ದುಹೋಗಲು ಎಲ್ಲರಿಗೂ ಮುಕ್ತ ಅನುಮತಿ ಇರಲಿ. ಯಾಕೆ ಎಂದು ಎಲ್ಲರೆದುರು ಕೇಳುವುದು ಬೇಡ. ಶಿಬಿರಗಳಲ್ಲಿ ಭಂಗಿ ತಿದ್ದುವ ನೆಪದಿಂದ ಹೇಳದೆ ಕೇಳದೆ ಮೈ ಮುಟ್ಟುವ ಪದ್ಧತಿ ನಿಲ್ಲಲಿ. ತೀವ್ರ ದುಃಖದಲ್ಲಿರುವವರು ದೀರ್ಘ ಉಪವಾಸಕ್ಕೆ ಮುಂದಾದರೆ ಅನುಮೋದಿಸುವ ಮೊದಲು ಅವರ ನಿದ್ರೆ, ಆಹಾರ, ಮನಃಸ್ಥಿತಿಗಳನ್ನು ಹಿರಿಯರು ವಿಚಾರಿಸಲಿ. ಸ್ವಾಧ್ಯಾಯ ನಡೆಸುವವರು ವೈದ್ಯರಾಗಲು ಹೊರಡಬಾರದು. ತಜ್ಞರ ಬಳಿಗೆ ಜೊತೆಯಾಗಿ ಹೋದರೆ ಸಾಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಬಸದಿಯ ಸೂಚನಾಫಲಕದಲ್ಲಿ ಪೂಜಾಸಮಯದ ಪಕ್ಕದಲ್ಲಿ ಈ ಸಂಖ್ಯೆಗೂ ಸ್ಥಳವಿರಲಿ.

ಆಹಾರ, ಔಷಧ, ಶಾಸ್ತ್ರ, ಅಭಯವೆಂದು ದಾನಗಳು ನಾಲ್ಕು. ಮೊದಲ ಮೂರಕ್ಕೆ ನಮ್ಮ ಟ್ರಸ್ಟುಗಳ ಲೆಕ್ಕಪುಸ್ತಕಗಳಲ್ಲಿ ಖಾತೆಗಳಿವೆ. ಅಭಯದಾನವನ್ನು ನಾವು ಬಹುಮಟ್ಟಿಗೆ ಪ್ರಾಣಿಗಳನ್ನು ವಧೆಯಿಂದ ಬಿಡಿಸುವುದಕ್ಕೆ ಸೀಮಿತಗೊಳಿಸಿದ್ದೇವೆ. ಅದು ಶ್ರೇಷ್ಠವೇ. ಆದರೆ ಭಯದಿಂದ ಬಿಗಿದ ಒಂದು ಮಾನವದೇಹಕ್ಕೆ 'ಈಗ ಅಪಾಯವಿಲ್ಲ, ನೀನು ಸುರಕ್ಷಿತ' ಎಂಬ ನಂಬಿಕೆಯನ್ನು ಮರಳಿಸುವುದೂ ಅಭಯದಾನವೇ. ಒಳ್ಳೆಯ ಚಿಕಿತ್ಸಕರು ಮಾಡುವುದು ಇದನ್ನೇ. ಅವರ ಶುಲ್ಕ ಭರಿಸಲಾರದ ಕುಟುಂಬಗಳಿಗೆ ಟ್ರಸ್ಟು ನೆರವಾದರೆ ಅದು ಔಷಧದಾನವೂ ಹೌದು, ಅಭಯದಾನವೂ ಹೌದು.

ಕಳೆದ ಕ್ಷಮಾವಣಿಯಂದು ನಾನು ಆ ಸಹೋದರಿಯ ಮನೆಗೆ ಹೋಗಿ ನನ್ನ ಅಂದಿನ ಮಾತಿಗೆ ಕ್ಷಮೆ ಬೇಡಿದೆ. ಅವರು ಕ್ಷಮಿಸಿದರು. ಸೈರನ್ ಕೇಳಿದಾಗ ಈಗಲೂ ಅವರ ಕೈ ಬಿಗಿಯುತ್ತದಂತೆ, ಆದರೆ ಬೇಗ ಸಡಿಲವಾಗುತ್ತದಂತೆ. ಈಗ ಸ್ವಾಧ್ಯಾಯದ ಕೊನೆಯಲ್ಲಿ ಅವರು ಕಿಟಕಿಯ ಬಳಿ, ಕಣ್ಣು ತೆರೆದು, ನಮ್ಮೊಡನೆ ನಿಲ್ಲುತ್ತಾರೆ. ಒಂಬತ್ತು ಜಪ ಪೂರ್ತಿಯಾಗದ ದಿನಗಳೂ ಇವೆ. ಅಂತಹ ದಿನ ಅವರು ಮೂರಕ್ಕೇ ಕುಳಿತುಕೊಳ್ಳುತ್ತಾರೆ. ಯಾರೂ ಏನೂ ಕೇಳುವುದಿಲ್ಲ.